ತೆಂಗಿನ ಮರದ ಸುತ್ತು ಎಡಕ್ಕೋ ಬಲಕ್ಕೋ? ಹಾಲ್ಡೇನ್ ಬಗ್ಗೆ ಮಾತಾಡೋಣ ಬನ್ನಿ

ಕಾಳಿ ದಂಡೆ (ಕಾರವಾರ)

ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಹೋದ ವಾರ ಕ್ಲಾಸು ಮುಗಿದ ಮೇಲೆ ಒಬ್ಬ ಹುಡುಗಿ ಬಂದು ನಿಂತಳು. ಅವಳ ಅಪ್ಪ ಬೈತಖೋಲ ಬಂದರಿನಲ್ಲಿ ಬೋಟಿಗೆ ಹೋಗುವವರು. "ಸರ್, ನನಗೆ ಜೆನೆಟಿಕ್ಸ್ ಮಾಡಬೇಕು. ಅದಕ್ಕೆ ದೊಡ್ಡ ಲ್ಯಾಬ್ ಬೇಕಲ್ವಾ? ಇಲ್ಲಿ ಕೂತು ಏನೂ ಆಗಲ್ಲ ಅಲ್ವಾ?" ಅಂದಳು.

ತಕ್ಷಣ ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಹಿತ್ತಲಲ್ಲಿ ನಿಂತಾಗ ಹೊಳೆಯಿತು. ಎದುರಿಗೆ ತೆಂಗಿನ ಮರ ಇತ್ತು.

ಬ್ರಿಟನ್ನಿನ ತಳಿವಿಜ್ಞಾನಿ (ಜೆನೆಟಿಕ್ಸ್‌ನವರು) ಜೆ. ಬಿ. ಎಸ್. ಹಾಲ್ಡೇನ್ ಹೆಸರು ಪಠ್ಯದಲ್ಲಿ ಒಂದೇ ಸಾಲಲ್ಲಿ ಬಂದು ಹೋಗುತ್ತದೆ. ಜೀವ ಹೇಗೆ ಹುಟ್ಟಿತು ಅನ್ನುವ ಪಾಠದಲ್ಲಿ, ಒಪಾರಿನ್ ಪಕ್ಕದಲ್ಲಿ. ಅಷ್ಟೇ. ಆದರೆ ಆ ಮನುಷ್ಯ 1957ರಲ್ಲಿ ಲಂಡನ್ನಿನ ಪ್ರೊಫೆಸರ್ ಕೆಲಸ ಬಿಟ್ಟು ಭಾರತಕ್ಕೆ ಬಂದರು. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಕರೆದಿದ್ದರಿಂದ ಕಲ್ಕತ್ತಾದ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಸೇರಿದರು. ಆಗ ಅವರಿಗೆ 64 ವರ್ಷ. 1961ರಲ್ಲಿ ಭಾರತದ ಪ್ರಜೆಯಾದರು. ಆಮೇಲೆ ಭುವನೇಶ್ವರಕ್ಕೆ ಹೋಗಿ, ಅಲ್ಲೇ 1964ರ ಡಿಸೆಂಬರ್ 1ರಂದು ತೀರಿಕೊಂಡರು. ಅವರ ಇಚ್ಛೆಯಂತೆ ದೇಹವನ್ನು ಕಾಕಿನಾಡದ ವೈದ್ಯಕೀಯ ಕಾಲೇಜಿಗೆ ಕೊಟ್ಟರು.

ಇಲ್ಲಿ ಅವರ ಜೊತೆಯವರು ಮಾಡಿದ ಕೆಲಸ ನೋಡಿ. ದುಬಾರಿ ಯಂತ್ರ ಏನೂ ಇಲ್ಲ. ಎಸ್. ಕೆ. ರಾಯ್ ಪಾರಿಜಾತದ ಹೂವಿನ ಎಸಳು ಎಣಿಸಿದರು, ಭತ್ತದ ತಳಿಗಳನ್ನು ಅಕ್ಕಪಕ್ಕ ಬೆಳೆಸಿ ತೂಗಿದರು. ದ್ರೋಣಂರಾಜು ಲಂಟಾನಾ ಹೂವಿಗೆ ಯಾವ ಚಿಟ್ಟೆ ಯಾವ ಬಣ್ಣಕ್ಕೆ ಬರುತ್ತದೆ ಅಂತ ಕೂತು ನೋಡಿದರು. ಟಿ. ಎ. ಡೇವಿಸ್ ತೆಂಗಿನ ಮರ ನೋಡಿದರು.

ತೆಂಗಿನ ಗರಿಗಳು ಮರದ ಸುತ್ತ ಸುರುಳಿಯಾಗಿ ಬರುತ್ತವೆ. ಕೆಲವು ಮರದಲ್ಲಿ ಎಡಸುತ್ತು, ಕೆಲವದರಲ್ಲಿ ಬಲಸುತ್ತು. ಗೊನೆಯೂ ಗರಿಯ ಬುಡದಿಂದ ಒಂದೇ ಪಕ್ಕಕ್ಕೆ ವಾಲುತ್ತದೆ. ಒಂದು ಮರದ ಎಲ್ಲಾ ಗೊನೆಯೂ ಅದೇ ಪಕ್ಕಕ್ಕೆ. ನಾನು ಐವತ್ತು ವರ್ಷ ಈ ಮರಗಳ ಕೆಳಗೇ ಓಡಾಡಿದ್ದೇನೆ. ಮೊನ್ನೆ ಸಂಜೆ ಮೊದಲ ಸಲ ಕತ್ತೆತ್ತಿ ಅದನ್ನು ನೋಡಿದೆ.

ನಮ್ಮ ಹಿತ್ತಲಲ್ಲಿ 11 ಮರ. 7 ಎಡ, 4 ಬಲ. ನಿಮ್ಮಲ್ಲಿ?

ಘಟ್ಟದ ಮೇಲೆ (ಶಿರಸಿ)

ಮೇಷ್ಟ್ರೇ, ನಮ್ಮದು ಅಡಿಕೆ ತೋಟ. ತೆಂಗು ಬದುವಿನ ಮೇಲೆ ನಾಲ್ಕೇ ನಾಲ್ಕು. ಆದರೂ ಕೇಳಿ ಖುಷಿಯಾಯ್ತು. ಒಂದು ಅನುಮಾನ. ಎಡಸುತ್ತಿನ ಮರದ ಕಾಯಿ ನೆಟ್ಟರೆ ಎಡಸುತ್ತಿನ ಗಿಡವೇ ಬರುತ್ತದಾ? ತಳಿ ಅಂದ ಮೇಲೆ ಹಾಗೇ ಆಗಬೇಕಲ್ವಾ?

ಕಾಳಿ ದಂಡೆ

ಇದೇ ಪ್ರಶ್ನೆಯನ್ನು ಡೇವಿಸ್ ಹಾಕಿಕೊಂಡಿದ್ದರು. ಉತ್ತರ: ಇಲ್ಲ. ತಾಯಿಮರ ಎಡವಾದರೂ ಬಲವಾದರೂ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಎಡ, ಅರ್ಧ ಬಲ. ಅಂದರೆ ಇದು ವಂಶದಲ್ಲಿ ಇಳಿದು ಬರುವ ಗುಣ ಅಲ್ಲ. 1962ರಲ್ಲಿ ಜರ್ನಲ್ ಆಫ್ ಜೆನೆಟಿಕ್ಸ್‌ನಲ್ಲಿ ಪ್ರಕಟಿಸಿದರು. ಮರುವರ್ಷ ಇನ್ನೊಂದು ಲೇಖನ. ಅದರಲ್ಲಿ ಎಡಸುತ್ತಿನ ಮರಗಳು ಸರಾಸರಿ ಜಾಸ್ತಿ ಕಾಯಿ ಬಿಡುತ್ತವೆ ಅಂತ ತೋರಿಸಿದರು.

ವಂಶದಲ್ಲಿ ಇಳಿಯದ ಗುಣವನ್ನು ತಳಿವಿಜ್ಞಾನಿ ಯಾಕೆ ಎಣಿಸಬೇಕು ಅಂತ ಕೇಳಬಹುದು. ಇಳಿಯುತ್ತದೋ ಇಲ್ಲವೋ ಅಂತ ಎಣಿಸದೇ ಗೊತ್ತಾಗೋದು ಹೇಗೆ? ನನಗೆ ಈ ಕೆಲಸ ಬಹಳ ಇಷ್ಟವಾಗಿದ್ದೇ ಅದಕ್ಕೆ.

ಆ ಜರ್ನಲ್ಲಿಗೂ ಒಂದು ಕಥೆ ಇದೆ. 1910ರಲ್ಲಿ ಇಂಗ್ಲೆಂಡಿನಲ್ಲಿ ಬೇಟ್‌ಸನ್ ಮತ್ತು ಪನೆಟ್ ಶುರು ಮಾಡಿದ್ದು. ಪನೆಟ್ ಅಂದರೆ ನಮ್ಮ ಮಕ್ಕಳು ದಿನಾ ಬರೆಯುವ ಪನೆಟ್ ಚೌಕದ ಪನೆಟ್. ಇಲಿಗಳಲ್ಲಿ ಎರಡು ಗುಣಗಳು ಜೊತೆಯಾಗಿ ಇಳಿಯುತ್ತವೆ ಅನ್ನುವ ಹಾಲ್ಡೇನರ ಮೊದಲ ತಳಿವಿಜ್ಞಾನ ಲೇಖನ 1915ರಲ್ಲಿ ಅಲ್ಲೇ ಬಂತು. ಆಗ ಅವರು ಮಹಾಯುದ್ಧದ ಕಂದಕದಲ್ಲಿದ್ದರು. ಜೊತೆಗೆ ಬರೆದವರು ತಂಗಿ ನವೋಮಿ ಮತ್ತು ಗೆಳೆಯ ಸ್ಪ್ರಂಟ್. ಅಚ್ಚಾಗುವ ಹೊತ್ತಿಗೆ ಸ್ಪ್ರಂಟ್ ಯುದ್ಧದಲ್ಲಿ ಸತ್ತಿದ್ದರು. ಮುಂದೆ ಹಾಲ್ಡೇನರೇ ಅದರ ಸಂಪಾದಕರಾಗಿ, ಬರುವಾಗ ಜರ್ನಲ್ಲನ್ನೂ ಭಾರತಕ್ಕೆ ತಂದರು. ಅವರ ನಂತರ ಹೆಂಡತಿ ಹೆಲೆನ್ ಸ್ಪರ್ವೇ ನಡೆಸಿದರು. ಮಧ್ಯೆ ನಿಂತಿತ್ತು. 1985ರಿಂದ ನಮ್ಮ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಮತ್ತೆ ತರುತ್ತಿದೆ.

ಲೆಕ್ಕದ ಮನೆ (ಹೊನ್ನಾವರ)

ನಾನು ಗಣಿತದವನು. ಎರಡು ಮಾತು ಹೇಳಲೇಬೇಕು.

ಒಂದು, 11 ಮರದಿಂದ ಏನೂ ಹೇಳಕ್ಕಾಗಲ್ಲ. ನಾಣ್ಯ 11 ಸಲ ಚಿಮ್ಮಿದರೂ 7–4 ಸುಲಭವಾಗಿ ಬರುತ್ತದೆ. 400 ಮರ ಎಣಿಸಿದರೆ ನಿಜವಾಗಿ ಅರ್ಧರ್ಧ ಇದ್ದಾಗಲೂ 180ರಿಂದ 220ರೊಳಗೆ ಎಲ್ಲಿ ಬೇಕಾದರೂ ಬೀಳಬಹುದು. ಡೇವಿಸ್ ಮುಂದೆ ಬೇರೆ ಬೇರೆ ದೇಶಗಳ ಲೆಕ್ಕ ಸೇರಿಸಿ, ಉತ್ತರ ಗೋಳಾರ್ಧದಲ್ಲಿ ಎಡಸುತ್ತು ಚೂರು ಜಾಸ್ತಿ, ದಕ್ಷಿಣದಲ್ಲಿ ಬಲಸುತ್ತು ಚೂರು ಜಾಸ್ತಿ ಅಂತ ಬರೆದರು. ಆ ವ್ಯತ್ಯಾಸ ಅರ್ಧಕ್ಕಿಂತ ನೂರಕ್ಕೆ ಒಂದೂವರೆ ಜಾಸ್ತಿ ಅಂತ ಇದ್ದರೆ, ಅದು ಕಣ್ಣಿಗೆ ಕಾಣಬೇಕಾದರೆ ನಾಲ್ಕೂವರೆ ಸಾವಿರ ಮರವಾದರೂ ಬೇಕು. ಮಾಜಾಳಿಯಿಂದ ಭಟ್ಕಳದವರೆಗೆ ಮರಕ್ಕೇನೂ ಬರ ಇಲ್ಲ.

ಎರಡು, ಎಣಿಸೋದರ ಬಗ್ಗೆ ಮಾತಾಡಿ ಹಾಲ್ಡೇನರ ದೊಡ್ಡ ಕೆಲಸ ಬಿಟ್ಟುಬಿಡಬೇಡಿ. ಅದು ಲೆಕ್ಕ. 1924ರಿಂದ 1934ರವರೆಗೆ ಹತ್ತು ಲೇಖನಗಳ ಸರಣಿ ಬರೆದರು. ಫಿಶರ್, ರೈಟ್ ಅನ್ನುವ ಇನ್ನಿಬ್ಬರು ವಿಜ್ಞಾನಿಗಳು ಮತ್ತು ಇವರು, ಈ ಮೂವರು ಡಾರ್ವಿನ್‌ನ ನೈಸರ್ಗಿಕ ಆಯ್ಕೆಯನ್ನೂ (ಬದುಕಿಗೆ ಹೊಂದುವ ಗುಣ ತಲೆಮಾರಿನಿಂದ ತಲೆಮಾರಿಗೆ ಹೆಚ್ಚುವುದು) ಮೆಂಡೆಲ್‌ನ ಅನುವಂಶೀಯತೆಯನ್ನೂ ಒಂದೇ ಸಮೀಕರಣಕ್ಕೆ ತಂದರು. ಹಾಲ್ಡೇನರಿಗೆ ವಿಜ್ಞಾನದ ಪದವಿಯೇ ಇರಲಿಲ್ಲ. ಆಕ್ಸ್‌ಫರ್ಡಿನಲ್ಲಿ ಓದಿದ್ದು ಗಣಿತ, ಆಮೇಲೆ ಗ್ರೀಕ್ ಮತ್ತು ಲ್ಯಾಟಿನ್.

ಬಡ್ಡಿ ಲೆಕ್ಕ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ. ಒಂದು ಜೀನಿನಿಂದ ಸಾವಿರಕ್ಕೆ ಒಂದು ಪಾಲು ಮಾತ್ರ ಲಾಭ ಅಂದುಕೊಳ್ಳಿ. ಬೇರೆಯವರಿಗೆ ಸಾವಿರ ಮಕ್ಕಳಾದರೆ ಇದಿದ್ದವರಿಗೆ ಸಾವಿರದ ಒಂದು. ಪ್ರಬಲ ಜೀನಾದರೆ (ಒಂದೇ ಪ್ರತಿ ಇದ್ದರೂ ಗುಣ ಕಾಣಿಸುವಂಥದ್ದು) ಲಕ್ಷಕ್ಕೆ ಒಬ್ಬರಲ್ಲಿ ಇದ್ದ ಗುಣ ನೂರಕ್ಕೆ ಒಬ್ಬರಿಗೆ ಬರಲು 6,920 ತಲೆಮಾರು ಬೇಕು. ಅಲ್ಲಿಂದ ಅರ್ಧ ಜನಕ್ಕೆ ಬರಲು 4,819. ಅರ್ಧದಿಂದ ನೂರಕ್ಕೆ 99 ಆಗಲು 11,664. ಈಗ ಕೊನೆಯದು ಕೇಳಿ. ಆ ಉಳಿದ ನೂರಕ್ಕೆ ಒಬ್ಬರನ್ನು ಲಕ್ಷಕ್ಕೆ ಒಬ್ಬರಿಗೆ ಇಳಿಸಲು 3,09,780 ತಲೆಮಾರು!

ಯಾಕೆ ಅಷ್ಟು? ಅಪರೂಪವಾದ ದುರ್ಬಲ ಜೀನು (ಎರಡು ಪ್ರತಿ ಇದ್ದರೆ ಮಾತ್ರ ಗುಣ ಕಾಣಿಸುವಂಥದ್ದು) ಹೆಚ್ಚುಕಡಿಮೆ ಯಾವಾಗಲೂ ಜೊತೆಯ ಪ್ರಬಲ ಜೀನಿನ ಮರೆಯಲ್ಲಿ ಕೂತಿರುತ್ತದೆ. ಆಯ್ಕೆಯ ಕಣ್ಣಿಗೆ ಬೀಳೋದೇ ಅಪರೂಪ. ನಾನು ಈ ನಾಲ್ಕೂ ಸಂಖ್ಯೆಗಳನ್ನು ಪೆನ್ಸಿಲ್ ಹಿಡಿದು ತೆಗೆದು ನೋಡಿದ್ದೇನೆ. ಸರಿಯಾಗಿ ಬರುತ್ತವೆ. ಒಂದು ಲಾಗರಿದಮ್ ಪುಸ್ತಕ ಸಾಕು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಘಟ್ಟದ ಮೇಲೆ

ಲೆಕ್ಕ ಚೆನ್ನಾಗಿದೆ. ಆದರೆ ಕಾಗದದ ಮೇಲಿನ ಲೆಕ್ಕ ಜೀವಂತ ಪ್ರಾಣಿಗೆ ಹೊಂದುತ್ತದೆ ಅಂತ ಹೇಗೆ ನಂಬೋದು?

ಲೆಕ್ಕದ ಮನೆ

1924ರ ಮೊದಲ ಲೇಖನದಲ್ಲೇ ಒಂದು ಪತಂಗದ ಉದಾಹರಣೆ ಇದೆ. ಮ್ಯಾಂಚೆಸ್ಟರ್‌ನಲ್ಲಿ 1848ರಲ್ಲಿ ಕಪ್ಪು ಪತಂಗ ಮೊದಲು ಸಿಕ್ಕಿತು. ಕಾರ್ಖಾನೆ ಹೊಗೆಯಿಂದ ಮರಗಳು ಕಪ್ಪಾದವು. ಐವತ್ತೇ ವರ್ಷದಲ್ಲಿ ಬಿಳಿ ಪತಂಗ ಕಾಣೋದೇ ಅಪರೂಪ ಆಯ್ತು. ಇಷ್ಟು ಬೇಗ ಬದಲಾಗಬೇಕಾದರೆ ಬಿಳಿಯದು ಎರಡು ಮರಿ ಉಳಿಸಿದಾಗ ಕಪ್ಪು ಮೂರು ಉಳಿಸಿರಬೇಕು ಅಂತ ಹಾಲ್ಡೇನ್ ಲೆಕ್ಕ ಹಾಕಿದರು. ಅಷ್ಟು ಬಲವಾದ ಆಯ್ಕೆ ಇರಬಹುದು ಅಂತ ಆಗ ಹೆಚ್ಚಿನವರು ಅಂದುಕೊಂಡಿರಲಿಲ್ಲ. ಮೂವತ್ತು ವರ್ಷದ ಮೇಲೆ ಕೆಟಲ್‌ವೆಲ್ ಕಾಡಿಗೇ ಹೋಗಿ ಪತಂಗ ಬಿಟ್ಟು ನೋಡಿದರು. ಹಕ್ಕಿಗಳು ಎದ್ದು ಕಾಣುವ ಪತಂಗವನ್ನೇ ಜಾಸ್ತಿ ಹಿಡಿದವು.

ಗಜನಿ (ಕುಮಟಾ)

ಭತ್ತದ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮದು ಅಘನಾಶಿನಿ ದಡದ ಗಜನಿ ಗದ್ದೆ. ಸಮುದ್ರದ ಉಪ್ಪುನೀರು ಒಳಗೆ ಬರುತ್ತದೆ. ಅಲ್ಲಿ ಬೆಳೆಯೋದು ಕಗ್ಗ ಅನ್ನುವ ಭತ್ತ ಒಂದೇ. ಮಳೆಗೆ ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿ ಬಿತ್ತುತ್ತೇವೆ. ಕೊಯ್ಲಲ್ಲಿ ತೆನೆ ಮಾತ್ರ ಕತ್ತರಿಸಿ ಹುಲ್ಲು ನೀರಲ್ಲೇ ಬಿಡುತ್ತೇವೆ. ಮೀನು, ಸಿಗಡಿಗೆ ಅದೇ ಊಟ.

ನನ್ನ ಅಜ್ಜಿ ಬೀಜಕ್ಕೆ ತೆನೆ ಆರಿಸುವಾಗ ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ. ಕರಿ ಕಗ್ಗದ ತೆನೆಯನ್ನು ಬೆರಳ ಮಧ್ಯೆ ಎಳೆಯುತ್ತಿದ್ದಳು. ಜೊಳ್ಳಿದ್ದರೆ ಸದ್ದೇ ಬೇರೆ. ಎಷ್ಟೋ ತೆನೆ ನೋಡಿ ಒಂದನ್ನು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಅವಳು ಮಾಡುತ್ತಿದ್ದದ್ದೂ ಆಯ್ಕೆಯೇ ಅಲ್ವಾ? ಆ ರಾಯ್ ಅವರ ಭತ್ತದ ಕೆಲಸದಲ್ಲಿ ಏನು ಸಿಕ್ಕಿತು?

ಕಾಳಿ ದಂಡೆ

ಖಂಡಿತ ಆಯ್ಕೆಯೇ. ಹಾಲ್ಡೇನರ ಆ ಸರಣಿಯ ಹೆಸರಲ್ಲೇ ನೈಸರ್ಗಿಕ ಆಯ್ಕೆಯ ಜೊತೆ ಕೃತಕ ಆಯ್ಕೆಯೂ ಇದೆ. ಅಜ್ಜಿಯ ಕೆಲಸ ಎರಡನೆಯದು.

ರಾಯ್ ಲೇಖನ 1960ರದ್ದು. ಕೆಲವು ತಳಿಗಳನ್ನು ಬೆರೆಸಿ ನೆಟ್ಟಾಗ, ಬೇರೆ ಬೇರೆಯಾಗಿ ನೆಟ್ಟದ್ದಕ್ಕಿಂತ ಒಟ್ಟು ಇಳುವರಿ ಜಾಸ್ತಿ ಬಂತು. ಎಲ್ಲಾ ಜೋಡಿಯಲ್ಲೂ ಅಲ್ಲ. ಇಡೀ ಗದ್ದೆಗೆ ಒಂದೇ ತಳಿ ಅನ್ನುವ ಕಾಲ ಬರುವ ಹೊತ್ತಿಗೆ ಇದನ್ನು ನೋಡಿದರಲ್ಲ ಅಂತ ನನಗೆ ಆಶ್ಚರ್ಯ.

ನೀವು ಅಜ್ಜಿ ಹೇಗೆ ಆರಿಸುತ್ತಿದ್ದರು ಅಂತ ಪೂರ್ತಿ ಬರೆದಿಡಿ. ದಯವಿಟ್ಟು. ಅವರಿಗೆ ಗೊತ್ತಿದ್ದದ್ದು ಯಾವ ಪುಸ್ತಕದಲ್ಲೂ ಸಿಗಲ್ಲ.

ದಾದಿ (ಅಂಕೋಲಾ)

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಬಗ್ಗೆ ಹಾಲ್ಡೇನ್ ಏನೋ ಕಂಡುಹಿಡಿದರು ಅಂತ ಓದಿದ ನೆನಪು. ಒಂದು ಮನೆಯ ಹುಡುಗನಿಗೆ ಹಲ್ಲು ಕಿತ್ತ ಮೇಲೆ ಎರಡು ದಿನ ರಕ್ತ ನಿಲ್ಲಲಿಲ್ಲ. ಆ ತಾಯಿ, "ನಮ್ಮ ವಂಶದಲ್ಲಿ ಯಾರಿಗೂ ಇಲ್ಲ, ಇವನಿಗೆ ಎಲ್ಲಿಂದ ಬಂತು" ಅಂತ ಅತ್ತಿದ್ದರು. ಯಾರದೋ ಶಾಪ ಅಂತ ಅಕ್ಕಪಕ್ಕದವರು ಬೇರೆ ಹೇಳಿದ್ದರು.

ಕಾಳಿ ದಂಡೆ

ಆ ತಾಯಿಯ ಪ್ರಶ್ನೆಗೇ ಹಾಲ್ಡೇನ್ 1935ರಲ್ಲಿ ಉತ್ತರ ಕೊಟ್ಟರು.

ತೂತಿರುವ ಕೊಡ ನೆನಪು ಮಾಡಿಕೊಳ್ಳಿ. ಒಂದೇ ಸಮ ಸೋರುತ್ತಿದೆ. ಆದರೂ ನೀರಿನ ಮಟ್ಟ ಇಳಿಯುತ್ತಿಲ್ಲ. ಅಂದರೆ ಮೇಲಿನಿಂದ ಅಷ್ಟೇ ನೀರು ಬೀಳುತ್ತಿದೆ ಅಂತ ಅಲ್ವಾ? ಹಿಮೋಫಿಲಿಯಾ ಜೀನು ಎಕ್ಸ್ ಕ್ರೋಮೋಸೋಮಿನಲ್ಲಿದೆ. ಹೆಂಗಸರಲ್ಲಿ ಎರಡು ಎಕ್ಸ್, ಗಂಡಸರಲ್ಲಿ ಒಂದು. ಒಟ್ಟು ಎಕ್ಸ್‌ಗಳಲ್ಲಿ ಮೂರರಲ್ಲಿ ಒಂದು ಪಾಲು ಗಂಡಸರ ಹತ್ತಿರ. ಆ ಕಾಲದಲ್ಲಿ ಈ ಕಾಯಿಲೆಯ ಹುಡುಗರು ಹೆಚ್ಚಿನವರು ಮದುವೆ ವಯಸ್ಸಿಗೆ ಮೊದಲೇ ತೀರಿಕೊಳ್ಳುತ್ತಿದ್ದರು. ಹಾಗಾಗಿ ಪ್ರತಿ ತಲೆಮಾರಿಗೂ ಮೂರನೇ ಒಂದು ಪಾಲಿನ ಹತ್ತಿರ ಆ ಜೀನು ಕಳೆದುಹೋಗಬೇಕು. ಆದರೆ ಕಾಯಿಲೆ ಹಾಗೇ ಉಳಿದಿದೆ. ಅಂದ ಮೇಲೆ ಹೊಸ ಮ್ಯುಟೇಶನ್‌ಗಳು, ಅಂದರೆ ಜೀನಿನಲ್ಲಿ ತಾನಾಗಿ ಆಗುವ ಬದಲಾವಣೆಗಳು, ಅಷ್ಟೇ ಪ್ರಮಾಣದಲ್ಲಿ ಹುಟ್ಟುತ್ತಲೇ ಇವೆ. ಒಂದು ತಲೆಮಾರಿನಲ್ಲಿ ಸುಮಾರು 50,000 ಎಕ್ಸ್‌ಗೆ ಒಂದು ಅಂತ ಲೆಕ್ಕ ಕಟ್ಟಿದರು. ಮನುಷ್ಯನ ಜೀನೊಂದರ ಮ್ಯುಟೇಶನ್ ದರವನ್ನು ಅಳೆದ ಮೊದಲ ಲೆಕ್ಕಗಳಲ್ಲಿ ಇದೂ ಒಂದು. ಸೂಕ್ಷ್ಮದರ್ಶಕ ಕೂಡ ಮುಟ್ಟಲಿಲ್ಲ.

ಆ ಮನೆಯಲ್ಲಿ ಮುಂಚೆ ಯಾರಿಗೂ ಇಲ್ಲದೆ ಇದ್ದಿರಬಹುದು. ಶಾಪ ಅಲ್ಲ. ಅಮ್ಮನ ತಪ್ಪೂ ಅಲ್ಲ.

ದಾದಿ

ಅವರ ಮನೆಗೆ ಹೋಗಿ ಹೇಳುತ್ತೇನೆ. ಕೊಡದ ಹೋಲಿಕೆಯನ್ನೇ ಹೇಳುತ್ತೇನೆ.

ಅಂಕೋಲಾ ಉಪ್ಪು

ಹೊಗಳಿಕೆ ಜಾಸ್ತಿ ಆಯ್ತು ಅನಿಸುತ್ತಿದೆ. ಇನ್ನೊಂದು ಪುಟವನ್ನೂ ತೆರೆಯಿರಿ. ಹಾಲ್ಡೇನ್ ಕಮ್ಯುನಿಸ್ಟ್ ಆಗಿದ್ದರು. 1928ರಲ್ಲಿ ಅವರನ್ನು ರಷ್ಯಾಕ್ಕೆ ಕರೆಸಿಕೊಂಡವರು ವಾವಿಲೋವ್, ಬೆಳೆಗಳ ಮೂಲ ಹುಡುಕಿಕೊಂಡು ಜಗತ್ತು ಸುತ್ತಿದ ದೊಡ್ಡ ತಳಿವಿಜ್ಞಾನಿ. ಮುಂದೆ ಲೈಸೆಂಕೋ ಅನ್ನುವವನು ಸ್ಟಾಲಿನ್ ಬೆಂಬಲದಿಂದ ಮೆಂಡೆಲ್‌ನ ವಿಜ್ಞಾನವನ್ನೇ ಅಲ್ಲಿ ಮುಚ್ಚಿಸಿದ. ಅವನನ್ನು ವಿರೋಧಿಸಿದ ವಾವಿಲೋವ್ 1943ರ ಜನವರಿಯಲ್ಲಿ ಸಾರಾತೋವ್ ಜೈಲಿನಲ್ಲಿ ಸತ್ತರು. ಹಾಲ್ಡೇನ್ 1948ರ ಬಿಬಿಸಿ ಚರ್ಚೆಯಲ್ಲೂ ಲೈಸೆಂಕೋನನ್ನು ನೇರವಾಗಿ ತಳ್ಳಿಹಾಕಲಿಲ್ಲ. ಪಕ್ಷದಿಂದ ದೂರವಾದರು ನಿಜ. ತಡವಾಗಿ, ಸದ್ದಿಲ್ಲದೆ.

ಗೆಳೆಯ ಜೈಲಿನಲ್ಲಿ ಸತ್ತಿದ್ದಾನೆ. ಲೆಕ್ಕ ಇವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆದರೂ ಬಾಯಿ ಬಿಡಲಿಲ್ಲ. ಇದು ನನ್ನನ್ನು ಬಹಳ ಕಾಡಿದೆ.

ಕಾಳಿ ದಂಡೆ

ನೀವು ಹೇಳಿದ್ದು ನಿಜ. ನಾನು ಮೊದಲ ಪೋಸ್ಟಿನಲ್ಲೇ ಬರೆಯಬೇಕಿತ್ತು. ಇದಕ್ಕೆ ಸಮಾಧಾನ ಹೇಳಲು ಹೋಗುವುದಿಲ್ಲ. ಮಕ್ಕಳಿಗೆ ಪಾಠ ಮಾಡುವಾಗ ವಾವಿಲೋವ್ ಕಥೆಯನ್ನೂ ಜೊತೆಗೇ ಹೇಳುತ್ತೇನೆ.

ಯಲ್ಲಾಪುರ ರಸ್ತೆ

ನಾನು ಸಿದ್ದಿ ಸಮುದಾಯದವನು. ಈ ಚರ್ಚೆಯನ್ನು ಮೊದಲಿನಿಂದ ಓದಿದೆ. ಮಲೇರಿಯಾ ಮತ್ತು ರಕ್ತದ ವಿಷಯ ಇನ್ನೂ ಬಂದಿಲ್ಲ. ಅದೂ ಹಾಲ್ಡೇನರದ್ದೇ ಅಲ್ವಾ? ನಮ್ಮ ಕಡೆ ಸಿಕಲ್ ಸೆಲ್ (ರಕ್ತಕಣ ಕುಡುಗೋಲಿನಂತೆ ಬಾಗುವ ಕಾಯಿಲೆ) ಪರೀಕ್ಷೆ ಮಾಡಲು ಬಂದಾಗ ಒಬ್ಬರು, "ಇದು ಆಫ್ರಿಕಾದಿಂದ ಬಂದ ಕಾಯಿಲೆ, ನಿಮ್ಮವರೇ ತಂದಿದ್ದು" ಅಂದರು. ಮನಸ್ಸಿಗೆ ನೋವಾಯ್ತು.

ಕಾಳಿ ದಂಡೆ

ಹಾಗೆ ಹೇಳಿದವರು ತಿಳಿಯದೆ ಹೇಳಿದ್ದಾರೆ. ಭಾರತದಲ್ಲಿ ಸಿಕಲ್ ಸೆಲ್ ಮೊದಲು ವರದಿಯಾಗಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ಆ ಜೀನಿನ ಅಕ್ಕಪಕ್ಕದ ಡಿಎನ್‌ಎ ಗುರುತುಗಳನ್ನು ನೋಡಿದರೆ ಭಾರತದ ಬುಡಕಟ್ಟುಗಳಲ್ಲಿ ಕಾಣುವ ಮಾದರಿಯೇ ಬೇರೆ, ಆಫ್ರಿಕಾದ ಮಾದರಿಗಳೇ ಬೇರೆ. ಮಧ್ಯಭಾರತದಲ್ಲಿ ಇದು ಇಷ್ಟು ಹರಡಿರೋದಕ್ಕೂ ನಿಮ್ಮ ಪೂರ್ವಜರಿಗೂ ಸಂಬಂಧ ಇಲ್ಲ.

ಹಾಲ್ಡೇನ್ 1949ರಲ್ಲಿ ಬರೆದದ್ದು ಇದರ ಅಣ್ಣನಂಥ ರಕ್ತದ ಕಾಯಿಲೆ ಥಲಸ್ಸೀಮಿಯಾ ಬಗ್ಗೆ. ಮೆಡಿಟರೇನಿಯನ್ ಕರಾವಳಿಯಲ್ಲಿ ಅದು ಅಷ್ಟು ಜಾಸ್ತಿ ಯಾಕೆ? ಎರಡೂ ಕೆಟ್ಟ ಜೀನಿದ್ದವರು ಆಗ ಚಿಕ್ಕ ವಯಸ್ಸಲ್ಲೇ ಸಾಯುತ್ತಿದ್ದರು. ಆದರೆ ಒಂದೇ ಇದ್ದವರಿಗೆ ಮಲೇರಿಯಾ ತಡೆಯುವ ಶಕ್ತಿ ಇರಬಹುದು ಅಂದರು. 1954ರಲ್ಲಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ಸಿಕಲ್ ಸೆಲ್‌ಗೆ ಅದೇ ಮಾತನ್ನು ತೋರಿಸಿಕೊಟ್ಟರು. ಚಳಿಜ್ವರ ಇದ್ದ ಎಷ್ಟೋ ಕಡೆ ಜನರ ರಕ್ತ ಒಂದಲ್ಲ ಒಂದು ದಾರಿ ಕಂಡುಕೊಂಡಿದೆ. ನಮ್ಮ ಘಟ್ಟದ ಬುಡದ ಊರುಗಳೂ ಒಂದು ಕಾಲಕ್ಕೆ ಚಳಿಜ್ವರಕ್ಕೆ ಹೆಸರಾಗಿದ್ದವು.

ಪರೀಕ್ಷೆ ಮಾತ್ರ ಮಾಡಿಸಿಕೊಳ್ಳಿ. ಒಂದೇ ಜೀನು ಇದ್ದವರು ಆರೋಗ್ಯವಾಗೇ ಇರುತ್ತಾರೆ. ಅಂಥ ಇಬ್ಬರು ಮದುವೆಯಾದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆ ಬರುವ ಸಂಭವ. 2023ರಲ್ಲಿ ಕೇಂದ್ರ ಸರ್ಕಾರ ಇದಕ್ಕೆಂದೇ ಒಂದು ಯೋಜನೆ ಶುರು ಮಾಡಿದೆ.

ಯಲ್ಲಾಪುರ ರಸ್ತೆ

ಧನ್ಯವಾದ. ನಮ್ಮ ಬಗ್ಗೆ 2011ರಲ್ಲಿ ಬಂದ ಡಿಎನ್‌ಎ ಅಧ್ಯಯನ ಓದಿದ್ದೇನೆ. ಆಫ್ರಿಕಾದ ಬಂಟು ಜನರ ವಂಶ, ಭಾರತದ ವಂಶ ಎರಡೂ ಬೆರೆತಿದೆ, ಬೆರೆಯಲು ಶುರುವಾಗಿ ಸುಮಾರು 200 ವರ್ಷ ಆಗಿದೆ ಅಂತ ಅದರಲ್ಲಿದೆ. ಎಂಟು ತಲೆಮಾರು. ಓದಿದಾಗ ಕೈ ನಡುಗಿತು. ಪೋರ್ಚುಗೀಸರು ಹಡಗಿನಲ್ಲಿ ತಂದರು, ಗೋವೆಯಿಂದ ಕಾಡಿಗೆ ಓಡಿ ಬಂದೆವು ಅಂತ ಹಿರಿಯರು ಹೇಳುತ್ತಿದ್ದರು. ಯಾವ ಊರಿನಿಂದ, ಯಾರ ಮಗ, ಏನೂ ಉಳಿದಿಲ್ಲ. ದಮಾಮಿ ಬಡಿಯುವ ಕೈ ಉಳಿದಿದೆ. ಅಜ್ಜಿ ಹೊಲಿಯುವ ಕೌದಿ ಉಳಿದಿದೆ. ಇದರ ಜೊತೆ ರಕ್ತದಲ್ಲೂ ಒಂದು ಸಾಲು ಬರೆದಿಟ್ಟಿತ್ತು ಅಂತ ತಿಳಿದದ್ದು ನನಗೆ ದೊಡ್ಡ ವಿಷಯ.

ನಮ್ಮ ಹುಡುಗರಿಂದಲೂ ಒಬ್ಬರು ಈ ವಿಷಯ ಓದಬೇಕು. ನಮ್ಮ ಬಗ್ಗೆ ನಾವೇ ಬರೆಯುವ ಹಾಗಾಗಬೇಕು. ನಿಮ್ಮ ಆ ವಿದ್ಯಾರ್ಥಿನಿಗೆ ಹೇಳಿ, ಒಬ್ಬಳೇ ಅಲ್ಲ ಅಂತ.

ಲೆಕ್ಕದ ಮನೆ

ಆ ಹುಡುಗಿಯನ್ನೂ ನಿಮ್ಮ ಹುಡುಗರಲ್ಲಿ ಒಬ್ಬರನ್ನೂ ನನ್ನ ಹತ್ತಿರ ಕಳಿಸಿ. ಸ್ಟ್ಯಾಟಿಸ್ಟಿಕ್ಸ್ ನಾನು ಹೇಳಿಕೊಡುತ್ತೇನೆ. ಶನಿವಾರ ಮಧ್ಯಾಹ್ನ ಬಿಡುವಿದೆ.

ಕಾಳಿ ದಂಡೆ

ಭಾನುವಾರದ ಸುದ್ದಿ. ಹುಡುಗಿಯೂ ಅವಳ ಇಬ್ಬರು ಗೆಳತಿಯರೂ ಮಾಜಾಳಿ ಕಡೆ ಬೆಳಿಗ್ಗೆ ಏಳಕ್ಕೇ ಶುರು ಮಾಡಿದರು. ಒಬ್ಬಳು ಮರ ನೋಡೋದು, ಇನ್ನೊಬ್ಬಳು ಅವಳ ಉತ್ತರ ಕೇಳಿಸಿಕೊಳ್ಳದೆ ಬೇರೆಯಾಗಿ ನೋಡೋದು, ಮೂರನೆಯವಳು ಬರೆಯೋದು. ಇದನ್ನು ನಾನು ಹೇಳಿಕೊಟ್ಟಿಲ್ಲ, ಅವರೇ ಮಾಡಿಕೊಂಡದ್ದು. 64 ಮರ ಆಯ್ತು. 33 ಎಡ, 26 ಬಲ. ಉಳಿದ ಐದರಲ್ಲಿ ಇಬ್ಬರ ಉತ್ತರ ಹೊಂದಲಿಲ್ಲ. ಅದನ್ನು ಎಡಕ್ಕೆ ಸೇರಿಸಲಾ, ಬಲಕ್ಕೆ ಸೇರಿಸಲಾ, ಬಿಟ್ಟುಬಿಡಲಾ ಅಂತ ಕೇಳುತ್ತಿದ್ದಾಳೆ.

ಲೆಕ್ಕದ ಮನೆ

ಬಿಡೋದು ಬೇಡ. ಯಾವ ಕಡೆಗೂ ಸೇರಿಸೋದೂ ಬೇಡ. ಮೂರನೇ ಕಾಲಂ ಹಾಕಿ ಐದು ಅಂತ ಬರೆಯಲಿ. ಆ ಮರಗಳಿಗೆ ಸುಣ್ಣದ ಗುರುತು ಹಾಕಿ ಬರಲಿ, ಮುಂದಿನ ವಾರ ನಾನೂ ಬಂದು ನೋಡುತ್ತೇನೆ.